ನೈದಿಲೆ: ಕೆರೆ ಏರಿ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಿನ ಹೊತ್ತು ನಮ್ಮ ಕೆರೆ ಏರಿ ಮೇಲೆ ನಡೆಯೋದು ನನ್ನ ಹಳೇ ರೂಢಿ. ಮಳೆಗಾಲ ಮುಗಿಯುವ ಹೊತ್ತಿಗೆ ನೀರಿನ ಮೇಲೆ ನೀಲಿ ಹೂ ಕಾಣಿಸಿಕೊಳ್ಳುತ್ತೆ. ಆಗ ವಾಕಿಂಗ್ ಬಂದವರು ನಿಂತು ಕೇಳುವ ಪ್ರಶ್ನೆಗಳೂ ಶುರುವಾಗುತ್ತವೆ. ಮನೆಯಲ್ಲಿ ಎರಡು ಟಬ್ಬಿನಲ್ಲಿ ನೈದಿಲೆ ಬೆಳೆಸಿದ್ದೇನೆ ಅಂತ ಗೊತ್ತಾದ ಮೇಲಂತೂ ಫೋನಿನಲ್ಲೂ ಅದೇ ಪ್ರಶ್ನೆಗಳು. ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಸುಲಭ ಅನ್ನಿಸಿತು.

ಇದು ತಾವರೆ ಅಲ್ವಾ?

ಅಲ್ಲ. ಹತ್ತರಲ್ಲಿ ಎಂಟು ಜನ ಕೇಳುವ ಪ್ರಶ್ನೆ ಇದೇ. ಹೂ ನೋಡಬೇಡಿ, ಎಲೆ ನೋಡಿ. ನೈದಿಲೆ ಎಲೆ ದೋಸೆಯ ಹಾಗೆ ನೀರಿಗೆ ಅಂಟಿಕೊಂಡು ಮಲಗಿರುತ್ತೆ. ಅಂಚಿನಿಂದ ಮಧ್ಯದವರೆಗೆ ಒಂದು ಸೀಳು ಇರುತ್ತೆ, ಯಾರೋ ಕತ್ತರಿ ಹಾಕಿದಂತೆ. ತಾವರೆ ಎಲೆಗೆ ಆ ಸೀಳು ಇಲ್ಲ. ಅದು ಪೂರ್ತಿ ದುಂಡು. ದಂಟು ಎಲೆಯ ನಟ್ಟನಡುವೆ ಬಂದು ಸೇರುತ್ತೆ, ಛತ್ರಿಯ ಕೋಲಿನ ಹಾಗೆ. ಬೆಳೆದ ಎಲೆ ನೀರು ಬಿಟ್ಟು ಮೇಲಕ್ಕೆ ಎದ್ದು ನಿಲ್ಲುತ್ತೆ.

ಇನ್ನೂ ಅನುಮಾನ ಇದ್ದರೆ ಹೂವಿನ ನಡುವೆ ನೋಡಿ. ಷವರ್ ತಲೆಯ ಹಾಗೆ ತೂತು ತೂತಾಗಿರುವ ಹಳದಿ ದಿಂಡು ಇದ್ದರೆ ತಾವರೆ. ಬರೀ ಕೇಸರಗಳ ಗೊಂಚಲು ಇದ್ದರೆ ನೈದಿಲೆ. ನಾವು ಮಾತಿಗೆ ‘ತಾವರೆ ಎಲೆ ಮೇಲಿನ ನೀರು’ ಅಂತೀವಲ್ಲ, ಆ ಗುಣ ತಾವರೆ ಎಲೆಯದು. ನೈದಿಲೆ ಎಲೆಯ ಮೇಲೂ ನೀರು ಜಾರುತ್ತೆ, ಆದರೆ ತಾವರೆ ಎಲೆ ಮೇಲೆ ಪಾದರಸದ ಹಾಗೆ ಓಡಾಡುವ ಚೆಂದ ಇಲ್ಲಿ ಇಲ್ಲ.

ಕರ್ನಾಟಕದ ರಾಜ್ಯಪುಷ್ಪ ತಾವರೆ, ನೈದಿಲೆ ಅಲ್ಲ.

ನಮ್ಮ ಕೆರೆಗಳಲ್ಲಿ ಎಷ್ಟು ಬಗೆಯ ನೈದಿಲೆ ಇದೆ?

ಕಾಡುಗಿಡವಾಗಿ ಹೆಚ್ಚಾಗಿ ಸಿಗೋದು ಎರಡು. ಒಂದು ನೀಲಿ ನೈದಿಲೆ, ನಮ್ಮ ಹಳಬರ ಕನ್ನೈದಿಲೆ. ಸಸ್ಯಶಾಸ್ತ್ರದಲ್ಲಿ ನಿಂಫಿಯಾ ನೌಚಾಲಿ. ಡಚ್ ಸಸ್ಯವಿಜ್ಞಾನಿ ಬರ್ಮನ್ 1768ರಲ್ಲಿ ಇಟ್ಟ ಹೆಸರು ಇದು. ಹೆಸರಿಗೆ ನೀಲಿ, ಆದರೆ ತಿಳಿನೇರಳೆ, ತೆಳು ಗುಲಾಬಿ, ಒಂದೊಂದು ಕಡೆ ಹೆಚ್ಚುಕಡಿಮೆ ಬಿಳಿ ಬಣ್ಣದಲ್ಲೂ ಸಿಗುತ್ತೆ.

ಇನ್ನೊಂದು ರಾತ್ರಿ ಅರಳುವ ಬಿಳಿ ನೈದಿಲೆ, ನಿಂಫಿಯಾ ಪ್ಯುಬೆಸೆನ್ಸ್. ಇದರ ಎಲೆಯ ಅಂಚು ಗರಗಸದಂತೆ ಹಲ್ಲುಹಲ್ಲಾಗಿದೆ. ಎಲೆ ಮಗುಚಿ ಬೆನ್ನಿನ ಮೇಲೆ ಬೆರಳು ಆಡಿಸಿದರೆ ನುಣ್ಣನೆ ರೋಮ ತಾಗುತ್ತೆ. ನೀಲಿಯದರ ಅಂಚು ಅಲೆಅಲೆಯಾಗಿರಬಹುದು, ಆದರೆ ಹೀಗೆ ಚೂಪು ಹಲ್ಲು ಇರಲ್ಲ, ರೋಮವೂ ಇಲ್ಲ. ಕೆಂಪು ಹೂವಿನ ಕೆನ್ನೈದಿಲೆಯನ್ನು ದೇವಸ್ಥಾನದ ಕಲ್ಯಾಣಿಗಳಲ್ಲಿ, ತೋಟಗಳಲ್ಲಿ ನೆಟ್ಟಿರೋದನ್ನು ನೋಡಿರುತ್ತೀರಿ.

ಬಣ್ಣ ನಂಬಿ ಹೆಸರು ಹೇಳಬೇಡಿ ಅನ್ನೋದಕ್ಕೆ ಇಷ್ಟು ಹೇಳಿದೆ. ನನ್ನ ಹತ್ತಿರ ಇನ್ನೊಂದು ಸಣ್ಣ ಗುರುತು ಇದೆ. ಕೇಸರ ಒಂದನ್ನು ಕಿತ್ತು ತುದಿ ನೋಡಿ. ನೀಲಿ ನೈದಿಲೆಯಲ್ಲಿ ಪರಾಗದ ಚೀಲದ ಮೇಲೆ ಪುಟ್ಟ ಕೊಂಬಿನಂಥ ತುದಿ, ದಳದ ಬಣ್ಣದ್ದೇ, ಎದ್ದು ಕಾಣುತ್ತೆ. ರಾತ್ರಿ ಅರಳುವುದಕ್ಕೆ ಆ ಕೊಂಬು ಇಲ್ಲ.

ಎಲೆ ಹೀಗೇ ಇದೆ, ಹೂ ಮಾತ್ರ ಬೆರಳಿನ ಉಗುರಿನಷ್ಟು. ಇದೂ ನೈದಿಲೆ ಮರಿಯಾ?

ಅಲ್ಲ. ದಳದ ಮೇಲೆ ಹತ್ತಿ ಎಳೆಯಂಥ ಕೂದಲು ಇರುವ ಪುಟ್ಟ ಬಿಳಿ ಹೂ ಅದು, ನಿಂಫಾಯ್ಡಿಸ್ ಅನ್ನುವ ಬೇರೆಯೇ ಕುಲ. ವೇಷ ಮಾತ್ರ ಒಂದೇ.

ನೈದಿಲೆ ಚಂದ್ರನನ್ನು ಕಂಡರೆ ಅರಳುತ್ತೆ ಅಂತಾರಲ್ಲ, ಇದು ಬೆಳಿಗ್ಗೆ ಅರಳಿದೆಯಲ್ಲ?

ಒಳ್ಳೇ ಪ್ರಶ್ನೆ. ನಮ್ಮ ಕಾವ್ಯದಲ್ಲಿ ತಾವರೆಗೆ ಸೂರ್ಯ, ನೈದಿಲೆಗೆ ಚಂದ್ರ ಅಂತ ಜೋಡಿ ಕಟ್ಟಿಬಿಟ್ಟಿದ್ದಾರೆ. ಚಂದ್ರನಿಗೆ ‘ಕುಮುದಬಂಧು’ ಅಂತಲೇ ಹೆಸರು. ಬಿಳಿ ನೈದಿಲೆಯ ಮಟ್ಟಿಗೆ ಇದು ಅರ್ಧ ನಿಜ. ಅದು ಸಂಜೆ ಕತ್ತಲಾಗುವ ಹೊತ್ತಿಗೆ ಬಿಚ್ಚಿಕೊಂಡು ಮಾರನೇ ದಿನ ಬಿಸಿಲೇರುವವರೆಗೆ ತೆರೆದೇ ಇರುತ್ತೆ. ಚಂದ್ರನಿಗಾಗಿ ಏನೂ ಕಾಯಲ್ಲ. ಅಮಾವಾಸ್ಯೆ ದಿನವೂ ಅರಳುತ್ತೆ.

ನೀಲಿ ನೈದಿಲೆ ಹಗಲಿನ ಹೂ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಅರಳಿ, ಮಧ್ಯಾಹ್ನ ಕಳೆದು ಸಂಜೆ ಆಗುವಷ್ಟರಲ್ಲಿ ಮುಚ್ಚಿಕೊಳ್ಳುತ್ತೆ. ಆದರೂ ಕವಿಗಳು ನೀಲಿಯದನ್ನೂ ಚಂದ್ರನಿಗೇ ಕೊಟ್ಟರು. ಇದನ್ನೇ ಕವಿಸಮಯ ಅನ್ನೋದು: ಕಣ್ಣಲ್ಲಿ ಕಂಡಿದ್ದು ಒಂದು, ಪದ್ಯದಲ್ಲಿ ಕಟ್ಟಿದ್ದು ಇನ್ನೊಂದು. ನನಗೇನೂ ಬೇಜಾರಿಲ್ಲ. ಆದರೆ ಹುಣ್ಣಿಮೆ ರಾತ್ರಿ ಕ್ಯಾಮೆರಾ ಹಿಡಿದು ನೀಲಿ ನೈದಿಲೆ ನೋಡಲು ಬಂದರೆ ಬರೀ ಮೊಗ್ಗು ನೋಡಿಕೊಂಡು ವಾಪಸ್ ಹೋಗುತ್ತೀರಿ.

ಎರಡೂ ಒಟ್ಟಿಗೆ ಅರಳಿರೋದನ್ನು ನೋಡಬೇಕಾ? ಬೆಳಿಗ್ಗೆ ಎಂಟೂವರೆ, ಒಂಬತ್ತರ ಸುಮಾರಿಗೆ ಬನ್ನಿ. ಒಂದು ಡ್ಯೂಟಿ ಮುಗಿಸುತ್ತಿರುತ್ತೆ, ಇನ್ನೊಂದು ಆಗ ತಾನೇ ಬಂದಿರುತ್ತೆ.

ಹೆಸರು ಎಲ್ಲಿಂದ ಬಂತು?

ಹಳಗನ್ನಡದಲ್ಲಿ ‘ನೆಯ್ದಿಲ್’. ತಮಿಳಿನಲ್ಲಿ ‘ನೆಯ್ದಲ್’. ಒಂದೇ ಬೇರಿನ ಮಾತು. ಸಂಗಂ ಕಾಲದ ತಮಿಳು ಕವಿಗಳು ನಾಡನ್ನು ಐದು ಬಗೆಯ ನೆಲಗಳಾಗಿ ಹಂಚಿ ಒಂದೊಂದಕ್ಕೂ ಒಂದೊಂದು ಗಿಡದ ಹೆಸರಿಟ್ಟರು. ಅದರಲ್ಲಿ ಕಡಲತೀರಕ್ಕೆ ಬಂದಿದ್ದು ನೆಯ್ದಲ್. ದೋಣಿ ಏರಿ ಹೋದವನಿಗಾಗಿ ದಡದಲ್ಲಿ ಕಾಯುವವಳ ಪದ್ಯಗಳೆಲ್ಲ ಈ ಹೂವಿನ ಹೆಸರಿನಡಿ ಬರುತ್ತವೆ. ‘ಕನ್ನೈದಿಲೆ’ಯ ‘ಕ’ ಅಂದರೆ ಕಪ್ಪು. ನೀಲಿಗೂ ಕಪ್ಪಿಗೂ ನಮ್ಮ ಹಿರಿಯರು ಜಾಸ್ತಿ ಭೇದ ಮಾಡುತ್ತಿರಲಿಲ್ಲ. ಸಂಸ್ಕೃತದ ಕಡೆಯಿಂದ ಬಂದ ಕುವಲಯ, ಇಂದೀವರ, ನೀಲೋತ್ಪಲ ಎಲ್ಲ ಇದಕ್ಕೇ ಸಲ್ಲುತ್ತವೆ. ಕುಮುದ ಅಂದರೆ ಬಿಳಿಯದು.

ತಾವರೆ, ನೈದಿಲೆ ಎರಡೂ ಒಂದೇ ವಂಶ ತಾನೆ?

ಇದನ್ನು ಕೇಳಿದರೆ ಕಾಫಿ ಸೀಮೆಯವರು ನಗುತ್ತಾರೆ. ತಾವರೆಗೆ ಹತ್ತಿರದ ನೆಂಟ ನೈದಿಲೆ ಅಲ್ಲ, ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಮರ! ವಂಶವಾಹಿಗಳನ್ನು ಹೋಲಿಸಿ ನೋಡಿದ ಮೇಲೆ ತಾವರೆಯನ್ನು ಸಿಲ್ವರ್ ಓಕ್ ಇರುವ ಗಣಕ್ಕೇ ಸೇರಿಸಿದ್ದಾರೆ. ನೀರಲ್ಲಿ ಬದುಕಿ ಬದುಕಿ ತಾವರೆ, ನೈದಿಲೆ ಎರಡೂ ಒಂದೇ ತರಹದ ಉಡುಪು ತೊಟ್ಟುಕೊಂಡಿವೆ ಅಷ್ಟೆ.

ನೈದಿಲೆಯ ಮನೆತನ ತುಂಬಾ ಹಳೆಯದು. ಹೂ ಬಿಡುವ ಗಿಡಗಳ ವಂಶವೃಕ್ಷದಲ್ಲಿ ಬುಡದ ಹತ್ತಿರವೇ ಕವಲೊಡೆದ ಕೊಂಬೆ ಇದರದು. 10 ಕೋಟಿ ವರ್ಷಕ್ಕೂ ಹಿಂದಿನ ಕಲ್ಲುಗಳಲ್ಲಿ ಈ ಬಳಗದ ಹೂವಿನ ಪಳೆಯುಳಿಕೆ ಸಿಕ್ಕಿವೆ. ಆಗ ಡೈನೋಸಾರ್‌ಗಳು ಓಡಾಡುತ್ತಿದ್ದವು. 2020ರಲ್ಲಿ ಪೂರ್ವ ಆಫ್ರಿಕಾದ ಒಂದು ಪುಟ್ಟ ನೀಲಿ ನೈದಿಲೆಯ ಇಡೀ ಜೀನೋಮ್ ಓದಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದೂ ಈ ಹಳೇತನದ ಕುತೂಹಲಕ್ಕೇ. ಶಾಲೆಯಲ್ಲಿ ಏಕದಳ, ದ್ವಿದಳ ಅಂತ ಓದಿದ್ದೀವಲ್ಲ, ನೈದಿಲೆ ಎರಡಕ್ಕೂ ಸೇರಲ್ಲ. ಆ ಎರಡು ಮನೆ ಬೇರೆಯಾಗುವ ಮೊದಲೇ ಇದು ಹೊರಟಾಗಿತ್ತು.

ವಾಟರ್ ಲಿಲ್ಲಿ ಅಂತಾರಲ್ಲ, ಹಾಗಾದರೆ ಲಿಲ್ಲಿ ಜಾತಿ?

ಲಿಲ್ಲಿಗೂ ಇದಕ್ಕೂ ಸಂಬಂಧ ಇಲ್ಲ. ಇಂಗ್ಲಿಷಿನವರು ಸುಮ್ನೆ ಇಟ್ಟ ಹೆಸರು.

ಒಂದು ಹೂ ಎಷ್ಟು ದಿನ ಇರುತ್ತೆ?

ಮೂರು, ನಾಲ್ಕು ದಿನ. ನೀಲಿಯದು ದಿನಾ ಬೆಳಿಗ್ಗೆ ತೆರೆದು ಸಂಜೆ ಮುಚ್ಚುತ್ತೆ. ಆದರೆ ಮೊದಲ ದಿನದ ಹೂವೇ ಬೇರೆ, ಎರಡನೇ ದಿನದ ಹೂವೇ ಬೇರೆ. ಇದನ್ನು ಹತ್ತಿರದಿಂದ ನೋಡಬೇಕು.

ಮೊದಲ ದಿನ ಹೂವಿನ ನಡುವೆ ಒಂದು ಬಟ್ಟಲು ಇರುತ್ತೆ, ದೊಡ್ಡ ಗುಂಡಿಯಷ್ಟು ಅಗಲ. ಅದರಲ್ಲಿ ತೆಳುವಾದ ರಸ ತುಂಬಿ ಹೊಳೆಯುತ್ತಿರುತ್ತೆ. ಆ ಬಟ್ಟಲೇ ಹೆಣ್ಣು ಭಾಗ. ಸುತ್ತಲ ಕೇಸರಗಳು ಇನ್ನೂ ಬಿರಿದಿರಲ್ಲ, ಪರಾಗವೇ ಇಲ್ಲ. ಬೇರೆ ಹೂವಿಂದ ಮೈ ತುಂಬ ಪರಾಗ ಮೆತ್ತಿಕೊಂಡು ಬಂದ ಜೇನು ಕೇಸರದ ಮೇಲೆ ಕಾಲಿಡುತ್ತೆ, ಕಾಲು ಜಾರುತ್ತೆ, ನೇರ ಬಟ್ಟಲೊಳಗೆ. ರಸದಲ್ಲಿ ಒದ್ದಾಡುವಾಗ ಮೈಯ ಪರಾಗವೆಲ್ಲ ತೊಳೆದುಹೋಗಿ ತಳಕ್ಕೆ ಇಳಿಯುತ್ತೆ. ಹೂವಿನ ಕೆಲಸ ಆಯ್ತು. ಜೇನು? ದೊಡ್ಡದಾದರೆ ಹೇಗೋ ಎದ್ದು ಹೋಗುತ್ತೆ. ಮುಜಂಟಿಯಂಥ ಸಣ್ಣ ಜೇನು, ಪುಟ್ಟ ನೊಣ ಆದರೆ ಕೆಲವು ಸಲ ಅಲ್ಲೇ ಮುಳುಗಿ ಸಾಯುತ್ತೆ. ನನ್ನ ಟಬ್ಬಿನ ಹೂವಲ್ಲೇ ಒಂದು ಬೆಳಿಗ್ಗೆ ಮೂರು ಸಣ್ಣ ಜೇನು ಸತ್ತು ತೇಲುತ್ತಿದ್ದವು. ಇಷ್ಟು ಚೆಂದದ ಹೂ ಹೀಗೂ ಮಾಡುತ್ತಾ ಅನ್ನಿಸಿತು.

ಎರಡನೇ ದಿನ ಬಟ್ಟಲು ಒಣಗಿರುತ್ತೆ. ಒಳಗಿನ ಕೇಸರಗಳು ಬಾಗಿ ಅದರ ಬಾಯಿ ಮುಚ್ಚಿರುತ್ತವೆ. ಈಗ ಹೂ ಗಂಡು. ಪರಾಗ ಧಾರಾಳ. ಕೋಲುಜೇನು, ತುಡುವೆ ಎಲ್ಲ ಬಂದು ಕಾಲಿಗೆ ಹಳದಿ ಉಂಡೆ ಕಟ್ಟಿಕೊಂಡು ಹೋಗುತ್ತವೆ. ಅಪಾಯ ಇಲ್ಲ. ಅಲ್ಲಿಂದ ಹೊರಟ ಜೇನು ಪಕ್ಕದ ಮೊದಲ ದಿನದ ಹೂವಿಗೆ ಹೋಗಿ ಬಿದ್ದರೆ ಚಕ್ರ ಪೂರ್ತಿ. ಒಂದೇ ಹೂ ತನ್ನ ಪರಾಗವನ್ನು ತಾನೇ ಹಾಕಿಕೊಳ್ಳದ ಹಾಗೆ ಮಾಡಿಕೊಂಡ ಏರ್ಪಾಡು ಇದು.

ಹೂ ಬಾಡಿದ ಮೇಲೆ ಕಾಣೋದೇ ಇಲ್ಲವಲ್ಲ, ಎಲ್ಲಿ ಹೋಗುತ್ತೆ?

ನೀರೊಳಗೆ. ದಂಟು ಬಾಗಿ ಕಾಯನ್ನು ಕೆಳಕ್ಕೆ ಎಳೆದುಕೊಳ್ಳುತ್ತೆ. ಕಾಯಿ ಮುಳುಗಿಕೊಂಡೇ ಬಲಿಯುತ್ತೆ, ಮೆತ್ತಗೆ ಸ್ಪಂಜಿನ ಹಾಗೆ. ಆಮೇಲೆ ಒಡೆದು ರಾಗಿ ಕಾಳಿನಂಥ ನೂರಾರು ಬೀಜ ಹೊರಗೆ ಬರುತ್ತೆ. ಪ್ರತಿ ಬೀಜಕ್ಕೂ ಗಾಳಿ ತುಂಬಿದ ತೆಳು ಪೊರೆ, ಒಂದು ಲೈಫ್ ಜಾಕೆಟ್ ಇದ್ದಹಾಗೆ. ಸ್ವಲ್ಪ ಹೊತ್ತು ತೇಲಿ, ಗಾಳಿ ಕರೆದುಕೊಂಡು ಹೋದ ಕಡೆ ಹೋಗಿ, ಪೊರೆ ಕೊಳೆತ ಮೇಲೆ ಕೆಸರಿಗೆ ಇಳಿಯುತ್ತೆ.

ಬೇಸಿಗೆಯಲ್ಲಿ ಕೆರೆ ಒಣಗಿ ದನ ಮೇಯುತ್ತಿತ್ತು. ಮಳೆ ಬಂದ ಮೇಲೆ ಮತ್ತೆ ಹೂ ಹೇಗೆ ಬಂತು?

ಕೆಸರಿನಡಿ ಗೆಡ್ಡೆ ಇರುತ್ತೆ. ಮೇಲೆ ನೆಲ ಬಿರುಕು ಬಿಟ್ಟರೂ ಕೆಳಗೆ ಒಂದಿಷ್ಟು ಪಸೆ ಉಳಿದರೆ ಸಾಕು, ಗೆಡ್ಡೆ ಮಲಗಿ ಕಾಯುತ್ತೆ. ಬೀಜಗಳೂ ಇರುತ್ತವೆ. ನೀರು ನಿಂತ ಕೂಡಲೇ ಮೊದಲು ತೆಳ್ಳಗಿನ ಎಲೆಗಳು ನೀರಿನೊಳಗೇ ಬರುತ್ತವೆ. ಆಮೇಲಿನ ಎಲೆಗಳು ಎರಡೂ ಕಡೆಯಿಂದ ಸುರುಳಿ ಸುತ್ತಿಕೊಂಡು, ಬಾಣದ ಹಾಗೆ ಮೇಲೆ ಬಂದು, ನೀರಿನ ಮೇಲ್ಮೈ ಮುಟ್ಟಿದ ಮೇಲೆ ಬಿಚ್ಚಿಕೊಳ್ಳುತ್ತವೆ. ನೀರು ಏರಿದಂತೆ ದಂಟೂ ಉದ್ದ ಆಗುತ್ತೆ. ಕೋಡಿ ಬೀಳುವಷ್ಟು ನೀರು ಬಂದರೂ ಎಲೆ ತೇಲುತ್ತಲೇ ಇರೋದು ಅದಕ್ಕೇ.

ಕೆಸರಲ್ಲಿ ಗಾಳಿಯೇ ಇಲ್ಲವಲ್ಲ, ಬೇರು ಉಸಿರಾಡೋದು ಹೇಗೆ?

ದಂಟನ್ನು ಅಡ್ಡ ಕತ್ತರಿಸಿ ನೋಡಿ. ಸಣ್ಣ ಸಣ್ಣ ಕೊಳವೆಗಳು. ನಾವು ಹುಡುಗರಾಗಿದ್ದಾಗ ಒಂದು ತುದಿ ನೀರಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದುತ್ತಿದ್ದೆವು. ಬುಳುಬುಳು ಗುಳ್ಳೆ ಬರುತ್ತಿತ್ತು. ಎಲೆಯಿಂದ ಗೆಡ್ಡೆಯವರೆಗೆ ಗಾಳಿ ಇಳಿಯುವ ದಾರಿ ಅದೇ. ಎಲೆಯ ಉಸಿರುರಂಧ್ರಗಳೂ ಮೇಲ್ಮೈಯಲ್ಲೇ ಇವೆ. ನೆಲದ ಗಿಡಗಳಲ್ಲಿ ಅವು ಸಾಮಾನ್ಯವಾಗಿ ಅಡಿಭಾಗದಲ್ಲಿ ಜಾಸ್ತಿ ಇರುತ್ತವೆ. ಇಲ್ಲಿ ಅಡಿಭಾಗ ನೀರಿನಲ್ಲಿ ಇರೋದರಿಂದ ಉಲ್ಟಾ.

ದಂಟಿನ ಇನ್ನೊಂದು ಆಟ: ಸಿಪ್ಪೆ ಹರಿಯದ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮುರಿಯುತ್ತಾ ಬಂದರೆ ಒಂದೇ ದಂಟು ಎರಡು ಎಳೆಯ ಸರ ಆಗುತ್ತೆ, ತುದಿಯ ಹೂವೇ ಪದಕ. ನಮ್ಮಕ್ಕ ಇದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದಳು. ನನ್ನದು ಯಾವಾಗಲೂ ಮಧ್ಯದಲ್ಲೇ ತುಂಡಾಗುತ್ತಿತ್ತು.

ಇದನ್ನು ತಿನ್ನಬಹುದಾ?

ತಿನ್ನುತ್ತಾರೆ. ಬಾಂಗ್ಲಾದೇಶದಲ್ಲಿ, ಬಂಗಾಳದಲ್ಲಿ ನೈದಿಲೆಗೆ ‘ಶಾಪ್ಲಾ’ ಅಂತಾರೆ, ಅದರ ದಂಟು ತರಕಾರಿ. ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ನಾರು ಸುಲಿದು ಪಲ್ಯ ಮಾಡುತ್ತಾರೆ, ಸೀಗಡಿ ಜೊತೆ ಬೇಯಿಸುತ್ತಾರೆ. ಗೆಡ್ಡೆಯನ್ನು ಬೇಯಿಸಿ, ಬೀಜವನ್ನು ಹುರಿದು ತಿನ್ನುವ ರೂಢಿ ಬರಗಾಲದ ದಿನಗಳಿಂದ ಬಂದಿದ್ದು.

ನಮ್ಮ ಊರಿನ ಕೆರೆಯದನ್ನು ತಿನ್ನಿ ಅಂತ ನಾನು ಹೇಳಲ್ಲ. ಚರಂಡಿ ನೀರು ಸೇರುವ ಕೆರೆ ಆದರೆ ಬೇಡವೇ ಬೇಡ. ಒಳ್ಳೇ ನೀರಾದರೂ ಹಸಿ ತಿನ್ನಬೇಡಿ. ನೀರಿನ ಗಿಡಗಳಿಗೆ ಅಂಟಿಕೊಂಡು ಹೊಟ್ಟೆಗೆ ಹೋಗುವ ಹುಳುಗಳಿವೆ.

ಎರಡು ಗೊಂದಲ ಇಲ್ಲೇ ಬಗೆಹರಿಸಿಬಿಡುತ್ತೇನೆ. ಉತ್ತರದ ಕಡೆಯ ಹೋಟೆಲಿನಲ್ಲಿ ಸಿಗುವ ತೂತು ತೂತಿನ ‘ಕಮಲ್ ಕಕಡಿ’ ತಾವರೆಯದು, ನೈದಿಲೆಯದಲ್ಲ. ಈಗ ಎಲ್ಲರೂ ಹುರಿದು ತಿನ್ನುವ ಮಖಾನಾ ‘ತಾವರೆ ಬೀಜ’ ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೂ ತಾವರೆಯದಲ್ಲ. ಅದು ಯೂರಿಯೇಲ್ ಫೆರಾಕ್ಸ್ ಅನ್ನುವ ಮುಳ್ಳು ನೈದಿಲೆಯ ಬೀಜ, ನಮ್ಮ ಕನ್ನೈದಿಲೆಯ ಸ್ವಂತ ಬಳಗ. ಬಿಹಾರದ ಮಿಥಿಲೆಯ ಕೊಳಗಳಲ್ಲಿ ಬೆಳೆಯುತ್ತಾರೆ. ಅಲ್ಲಿನ ಮಖಾನಾಗೆ 2022ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಮೀಟರಿಗೂ ಅಗಲ ಬೆಳೆಯುವ ಆ ಎಲೆಗಳ ಮೈಯೆಲ್ಲ ಮುಳ್ಳು. ತಳದ ಕೆಸರಿಂದ ಬೀಜ ಬಾಚಿ ತೆಗೆಯುವವರ ಕಷ್ಟ ನೆನೆದರೆ ಅದರ ಬೆಲೆ ಜಾಸ್ತಿ ಅನ್ನಿಸಲ್ಲ.

ಆನ್‌ಲೈನಿನಲ್ಲಿ ‘ನೀಲಿ ಕಮಲದ ಟೀ’ ಸಿಗುತ್ತೆ. ಇದೇ ಹೂವಾ? ಕುಡಿದರೆ ನಿದ್ದೆ ಬರುತ್ತಾ?

ಈಜಿಪ್ಟಿನ ‘ನೀಲಿ ಕಮಲ’ ಅಂತ ಹೆಸರಾದದ್ದು ನಮ್ಮ ಕನ್ನೈದಿಲೆಯದೇ ಆಫ್ರಿಕನ್ ತಳಿ. ಪಿರಮಿಡ್ಡಿನ ಕಾಲದ ಜನ ಅದನ್ನು ಗೋಡೆಯ ಮೇಲೆ ಬಿಡಿಸಿದರು. ಶವದ ಮೇಲೆ ಹಾರವಾಗಿಯೂ ಹಾಕಿದರು. ಅಷ್ಟು ನಿಜ. ಪ್ಯಾಕೆಟ್ಟಿನಲ್ಲಿ ಬರುವ ಒಣ ದಳ ಯಾವ ಗಿಡದ್ದು, ಯಾವ ನೀರಿನಲ್ಲಿ ಬೆಳೆದದ್ದು ಅನ್ನೋದಕ್ಕೆ ಗ್ಯಾರಂಟಿ ಇಲ್ಲ. ನಾನಂತೂ ಕುಡಿಯಲ್ಲ. ಆಯುರ್ವೇದದಲ್ಲಿ ನೀಲೋತ್ಪಲಕ್ಕೆ ಹಳೆಯ ಸ್ಥಾನ ಇದೆ. ಆದರೆ ಅದು ವೈದ್ಯರನ್ನು ಕೇಳಬೇಕಾದ ವಿಷಯ, ಕೆರೆ ಏರಿ ಮೇಲೆ ನನ್ನನ್ನು ಕೇಳೋದಲ್ಲ.

ಶ್ರೀಲಂಕಾದ ರಾಷ್ಟ್ರೀಯ ಹೂ ಇದೇನಾ?

ಹೌದು, 1986ರಿಂದ. ಸಿಂಹಳದಲ್ಲಿ ‘ನಿಲ್ ಮಾನೆಲ್’. ಮೊದಲು ಬೇರೊಂದು ಹೆಸರು, ಬೇರೊಂದು ನೇರಳೆ ಹೂವಿನ ಚಿತ್ರ ಚಾಲ್ತಿಯಲ್ಲಿತ್ತು. ಅದು ಹೊರಗಿನ ಗಿಡ ಅಂತ ಸಸ್ಯವಿಜ್ಞಾನಿಗಳು ತೋರಿಸಿದ ಮೇಲೆ ತಿದ್ದಿಕೊಂಡರು. ಸಿಗಿರಿಯಾ ಬಂಡೆಯ ಚಿತ್ರಗಳಲ್ಲಿ ಹೆಂಗಸರ ಕೈಯಲ್ಲಿ ಇರೋದೂ ಈ ಬಳಗದ ಹೂವೇ. ಬಾಂಗ್ಲಾದೇಶದ ರಾಷ್ಟ್ರೀಯ ಹೂ ಶಾಪ್ಲಾ ಕೂಡ ನೈದಿಲೆಯೇ, ಬಿಳಿಯದು. ಅವರ ನಾಣ್ಯದ ಮೇಲೆ, ರಾಷ್ಟ್ರಲಾಂಛನದಲ್ಲಿ ಅದೇ ಇದೆ.

ಕೆರೆಗೆ ಇಳಿದು ಎರಡು ಹೂ ಕಿತ್ತುಕೊಳ್ಳಲಾ?

ಬೇಡ. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೂ ಹತ್ತಿರ ಕಾಣುತ್ತೆ, ನೀರು ಸೊಂಟದಷ್ಟು ಅನ್ನಿಸುತ್ತೆ. ಆದರೆ ನೈದಿಲೆ ಇರೋದೇ ಹೂಳು ಇರುವ ಕಡೆ. ಕಾಲಿಟ್ಟರೆ ಮೊಣಕಾಲವರೆಗೆ ಹೂತುಕೊಳ್ಳುತ್ತೆ. ಹಗ್ಗದಂಥ ದಂಟುಗಳು ಕಾಲಿಗೆ ಸುತ್ತಿಕೊಂಡರೆ ಈಜು ಬಂದರೂ ಪ್ರಯೋಜನ ಇಲ್ಲ. ಮಣ್ಣು ಎತ್ತಲು ಜೆಸಿಬಿ ತೋಡಿದ ಗುಂಡಿಗಳು ಬೇರೆ ಇರುತ್ತವೆ, ಮೇಲಿಂದ ಕಾಣಲ್ಲ. ಮಕ್ಕಳು ಹಟ ಮಾಡಿದರೂ ಇಳಿಯಬೇಡಿ, ಅವರನ್ನು ಇಳಿಸಲೂಬೇಡಿ. ಮೀನು ಹಿಡಿಯುವವರ ತೆಪ್ಪ ಬಂದಾಗ ಕೇಳಿ, ಒಂದು ಹೂ ಖಂಡಿತ ಕೊಡುತ್ತಾರೆ.

ದೇವರಿಗೆ ಏರಿಸಬಹುದಾ?

ಏರಿಸುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ತಾವರೆ ರೇಟು ಕೇಳಿ ಬೆಚ್ಚಿದವರು ನೈದಿಲೆ ತಗೊಂಡು ಬರೋದು ನೋಡಿದ್ದೇನೆ. ಲಕ್ಷ್ಮಿ ಕೋಪ ಮಾಡಿಕೊಂಡ ಸುದ್ದಿ ಬಂದಿಲ್ಲ.

ತೊಂದರೆ ಏನೆಂದರೆ ಕಿತ್ತ ಹೂ ಸಂಜೆಗೆ ಮುಚ್ಚಿಕೊಳ್ಳುತ್ತೆ. ಹೂವಿನಂಗಡಿಯವರ ಹಳೇ ಉಪಾಯ ಒಂದಿದೆ: ಪೂರ್ತಿ ಅರಳಿದಾಗ ದಳಗಳ ಬುಡದ ಸಂದಿಗೆ ಕರಗಿದ ಮೇಣದ ಬತ್ತಿಯ ಹನಿ ಬಿಡೋದು. ಮೇಣ ಗಟ್ಟಿಯಾದ ಮೇಲೆ ದಳ ಮಡಚಿಕೊಳ್ಳಲು ಆಗಲ್ಲ. ನನಗೆ ಇದು ಅಷ್ಟಾಗಿ ಇಷ್ಟ ಇಲ್ಲ, ಆದರೆ ಕೆಲಸ ಮಾಡುತ್ತೆ.

ಮನೆಯಲ್ಲಿ ಬೆಳೆಸೋದು ಹೇಗೆ?

ಬಿಸಿಲು ಮೊದಲು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದಿದ್ದರೆ ಎಲೆ ಬರುತ್ತೆ, ಹೂ ಬರಲ್ಲ. ಬಾಲ್ಕನಿಯ ನೆರಳಲ್ಲಿ ಇಟ್ಟು ‘ಹೂವೇ ಬಿಡಲ್ಲ’ ಅಂತ ಫೋನ್ ಮಾಡುವವರೇ ಜಾಸ್ತಿ.

ಟಬ್ ಅಗಲವಾಗಿರಲಿ, ಎರಡು ಅಡಿಯಾದರೂ. ಒಳಗೆ ಒಂದು ಹಳೇ ಬೇಸಿನ್ ಇಟ್ಟು ಅದರಲ್ಲಿ ಗಿಡ ನೆಡಿ. ಮಣ್ಣು ಅಂಟು ಮಣ್ಣೇ ಆಗಬೇಕು: ಕೆರೆ ಗೋಡು, ಗದ್ದೆ ಮಣ್ಣು. ಕೋಕೋಪೀಟ್, ಎಲೆಗೊಬ್ಬರ, ನರ್ಸರಿಯ ಪಾಟಿಂಗ್ ಮಿಕ್ಸ್ ಹಾಕಬೇಡಿ, ಎಲ್ಲ ಮೇಲೆ ತೇಲಿ ಬಂದು ನೀರು ಕಷಾಯ ಆಗುತ್ತೆ. ಹಸಿ ಸಗಣಿಯೂ ಬೇಡ. ಗೆಡ್ಡೆಯ ಬೆಳೆಯುವ ತುದಿ ಮಣ್ಣಿನಿಂದ ಹೊರಗೆ ಕಾಣುವ ಹಾಗೆ ನೆಟ್ಟು, ಮೇಲೆ ಒಂದು ಪದರ ಮರಳು ಹರಡಿ. ನೀರನ್ನು ಧಡಾರ್ ಅಂತ ಸುರಿಯಬೇಡಿ. ಮಣ್ಣಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನ ಬಿಡಿ. ಮೊದಲು ಮಣ್ಣಿನ ಮೇಲೆ ಒಂದು ಗೇಣು ನೀರು ಸಾಕು. ಎಲೆ ಬಂದಂತೆ ಒಂದೂವರೆ ಅಡಿಯವರೆಗೆ ಏರಿಸಬಹುದು.

ಮೊದಲ ಎರಡು ವಾರ ನೀರು ಹಸಿರಾಗುತ್ತೆ. ಗಾಬರಿಯಾಗಿ ನೀರು ಬದಲಾಯಿಸಬೇಡಿ. ಎಲೆ ಹರಡಿ ನೆರಳು ಬಿದ್ದ ಮೇಲೆ ಪಾಚಿ ತಾನೇ ಕಡಿಮೆ ಆಗುತ್ತೆ. ಹೂ ನಿಂತರೆ ತಿಂಗಳಿಗೊಮ್ಮೆ ಒಂದು ಚಮಚ ಎನ್‌ಪಿಕೆ ಗೊಬ್ಬರವನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ ಮಣ್ಣೊಳಗೆ ತಳ್ಳಿ, ನೀರಿಗೆ ಹಾಕಬೇಡಿ. ಕಾರಂಜಿ ಬೇಡ. ಎಲೆ ಮೇಲೆ ಸದಾ ನೀರು ಬೀಳೋದು ನೈದಿಲೆಗೆ ಆಗಲ್ಲ.

ಸೊಳ್ಳೆ ಆಗಲ್ವಾ?

ಆಗುತ್ತೆ, ಮೀನು ಬಿಡದಿದ್ದರೆ. ಡೆಂಗಿ ಹರಡುವ ಸೊಳ್ಳೆಗೆ ಇಂಥ ತಿಳಿನೀರೇ ಬೇಕು. ನಾಲ್ಕೈದು ಗಪ್ಪಿ ಸಾಕು. ಇನ್ನೂ ಒಳ್ಳೇದೆಂದರೆ ನಮ್ಮ ಹಳ್ಳಗಳಲ್ಲೇ ಇರುವ, ನೆತ್ತಿ ಮೇಲೆ ಹೊಳೆಯುವ ಬಿಳಿ ಚುಕ್ಕೆಯ ಪುಟ್ಟ ಮೀನು. ಮೇಲ್ಮೈಯಲ್ಲೇ ಓಡಾಡಿಕೊಂಡು ಲಾರ್ವಾ ಹೆಕ್ಕುತ್ತೆ. ಗಪ್ಪಿ ಜಾಸ್ತಿ ಆಯ್ತು ಅಂತ ಕೆರೆಗೆ ಮಾತ್ರ ಸುರಿಯಬೇಡಿ. ಅದು ಹೊರದೇಶದ ಮೀನು.

ನರ್ಸರಿಯಿಂದ ತಂದ ನೀಲಿ ಗಿಡದ ಎಲೆ ಮೇಲೆ ಮರಿ ಗಿಡ ಬಂದಿದೆ. ಇದು ಕಾಡಿನದಾ?

ಅಲ್ಲ. ಎಲೆಯೂ ದಂಟೂ ಸೇರುವ ಜಾಗದಲ್ಲಿ ಮರಿ ಬಂದರೆ ಅದು ಹೈಬ್ರಿಡ್. ಆ ಗುಣ ಆಫ್ರಿಕಾದ ಒಂದು ಜಾತಿಯಿಂದ ಬಂದಿದ್ದು. ಟಬ್ಬಿಗೆ ತುಂಬಾ ಒಳ್ಳೇದು, ವರ್ಷವಿಡೀ ಹೂ. ಆದರೆ ಅದನ್ನು ‘ಕೆರೆ ಉಳಿಸೋಣ’ ಅಂತ ಕೆರೆಗೆ ನೆಡಬೇಡಿ. ಊರಿನ ತಳಿಯ ಜೊತೆ ಬೆರೆತು ಊರಿನದು ಯಾವುದು ಅಂತಲೇ ಗೊತ್ತಾಗದ ಹಾಗೆ ಆಗುತ್ತೆ.

ಎಲೆಯಲ್ಲಿ ಅಂಡಾಕಾರದ ತೂತು, ಯಾರೋ ಕತ್ತರಿಸಿದ ಹಾಗೆ. ಏನು ರೋಗ?

ರೋಗ ಅಲ್ಲ, ಒಂದು ಪತಂಗದ ಹುಳು. ಎಲೆಯಿಂದ ಒಂದು ತುಂಡು ಕತ್ತರಿಸಿ ರೇಷ್ಮೆಯಿಂದ ಅಂಟಿಸಿಕೊಂಡು ಗೂಡು ಮಾಡುತ್ತೆ. ಆಮೇಲೆ ಆ ಗೂಡಿನ ಸಮೇತ ನೀರಿನ ಮೇಲೆ ತೇಲಾಡುತ್ತೆ, ತನ್ನದೇ ತೆಪ್ಪ. ಎಲೆಯ ಅಡಿಗೆ ಅಂಟಿಕೊಂಡ ಚೂರನ್ನು ಬಿಡಿಸಿದರೆ ಒಳಗೆ ಹುಳು ಸಿಗುತ್ತೆ. ಕೈಯಲ್ಲೇ ತೆಗೆಯಿರಿ. ಕಪ್ಪು ಹೇನು ಬಂದರೆ ಪೈಪಿನ ನೀರಿನಿಂದ ಜೋರಾಗಿ ತೊಳೆದರೆ ಮೀನು ತಿಂದು ಮುಗಿಸುತ್ತೆ. ಔಷಧಿ ಹೊಡೆದರೆ ಮೊದಲು ಸಾಯೋದು ಮೀನು.

ನೈದಿಲೆ ಇದ್ದರೆ ಕೆರೆ ಶುದ್ಧ ಅಂತ ಅರ್ಥವಾ?

ಹಾಗೇನಿಲ್ಲ. ಸ್ವಲ್ಪ ಕೊಳಕು ನೀರನ್ನೂ ಇದು ತಡೆದುಕೊಳ್ಳುತ್ತೆ. ಆದರೆ ಚರಂಡಿ ನೀರು ಧಾರಾಳವಾಗಿ ಬಂದು ಬಿದ್ದರೆ ಮೊದಲು ಗೆಲ್ಲೋದು ನೇರಳೆ ಹೂವಿನ ತೇಲುವ ಕಳೆ, ವಾಟರ್ ಹಯಸಿಂತ್. ದಕ್ಷಿಣ ಅಮೆರಿಕದಿಂದ ಬಂದ ಗಿಡ ಅದು. ನಮ್ಮಲ್ಲಿ ತುಂಬಾ ಜನ ಅದನ್ನೂ ಅಂತರಗಂಗೆ ಅಂತಲೇ ಕರೆಯುತ್ತಾರೆ. ನೀರಿನ ಮೇಲೆ ಚಾಪೆ ಹಾಸಿದಂತೆ ಮುಚ್ಚಿಕೊಂಡರೆ ಕೆಳಗೆ ಬೆಳಕಿಲ್ಲ, ನೈದಿಲೆಯ ಚಿಗುರಿಗೆ ಮೇಲೆ ಬರಲು ಜಾಗವೂ ಇಲ್ಲ.

ನೈದಿಲೆ ಇರುವ ಕೆರೆಯಲ್ಲಿ ಎಲೆಗಳ ನಡುವೆ ತೆರೆದ ನೀರು ಉಳಿದಿರುತ್ತೆ. ಅಲ್ಲೇ ದೇವನಕ್ಕಿ ಅನ್ನುವ ನೀರುಹಕ್ಕಿ ಓಡಾಡೋದು. ಬೆರಳುಗಳು ಎಷ್ಟು ಉದ್ದ ಅಂದರೆ ಎಲೆ ಮೇಲೆ ಕಾಲಿಟ್ಟರೂ ಮುಳುಗಲ್ಲ. ಮೊಟ್ಟೆ ಇಟ್ಟು ಹೆಣ್ಣು ಹೊರಟುಬಿಡುತ್ತೆ, ಕಾವು ಕೂರೋದು, ಮರಿ ನೋಡಿಕೊಳ್ಳೋದು ಎಲ್ಲ ಗಂಡು. ಆಗಸ್ಟಿನಲ್ಲಿ ಉದ್ದ ಬಾಲದ ದೇವನಕ್ಕಿ ಕಂಡರೆ ಸದ್ದು ಮಾಡದೆ ಐದು ನಿಮಿಷ ನಿಲ್ಲಿ. ಎಲೆ ಮೇಲೆ ನಡೆಯುವ ಹತ್ತಿ ಉಂಡೆಯಂಥ ಮರಿಗಳು ಕಂಡರೂ ಕಾಣಬಹುದು.

ನಮ್ಮೂರ ಕೆರೆಯಲ್ಲಿ ಹೂಳೆತ್ತಿದ ಮೇಲೆ ನೈದಿಲೆಯೇ ಬರಲಿಲ್ಲ. ಯಾಕೆ?

ನಮ್ಮ ಕೆರೆಯಲ್ಲೂ ಹೀಗೇ ಆಯ್ತು. ಹೂಳೆತ್ತಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುತ್ತಿಗೆ ಹಿಡಿದವರು ಒಂದು ಬೇಸಿಗೆಯಲ್ಲಿ ಇಡೀ ಕೆರೆಯಂಗಳವನ್ನು ಬಾಣಲೆಯ ಹಾಗೆ ಒಂದೇ ಸಮ ಕೆರೆದುಬಿಟ್ಟರು. ಅಂಚು ಕಡಿದಾಯ್ತು, ಸುತ್ತ ಕಲ್ಲು ಕಟ್ಟಿದರು, ನಡೆಯುವ ದಾರಿ ಮಾಡಿದರು. ಆ ಕಪ್ಪು ಗೋಡಿನ ಜೊತೆ ಗೆಡ್ಡೆ, ಬೀಜ ಎಲ್ಲ ಟ್ರ್ಯಾಕ್ಟರ್ ಏರಿ ಹೋಯಿತು. ಮಳೆ ಬಂತು, ಕೆರೆ ತುಂಬಿತು, ನೋಡಲು ಭರ್ಜರಿ. ಹೂವಿಲ್ಲ. ದೇವನಕ್ಕಿ ಇಲ್ಲ. ಮೂರು ವರ್ಷ ನಾನು ಬೆಳಿಗ್ಗೆ ನೋಡಿದ್ದು ಬರೀ ನೀರು.

ನೈದಿಲೆಗೆ ಬೇಕಾಗಿರೋದು ಕೆರೆಯ ಮಧ್ಯದ ಆಳ ಅಲ್ಲ, ಅಂಚಿನ ಇಳಿಜಾರು. ಅಲ್ಲಿ ಒಂದೆರಡು ಅಡಿ ನೀರು, ಕೆಳಗೆ ಮೆತ್ತನೆ ಕೆಸರು. ಹಾಗಾಗಿ ನಿಮ್ಮೂರಲ್ಲಿ ಕೆಲಸ ಶುರುವಾಗುವ ಮೊದಲೇ ಪಂಚಾಯಿತಿಯಲ್ಲಿ ಕೇಳಿ. ಹಿನ್ನೀರಿನ ಕಡೆ ಒಂದು ಮೂಲೆಯನ್ನು ಮುಟ್ಟದೆ ಬಿಡಲಿ. ಇಲ್ಲವೇ ಅರ್ಧ ಈ ವರ್ಷ, ಅರ್ಧ ಮುಂದಿನ ವರ್ಷ ಮಾಡಲಿ. ಅದೂ ಆಗದಿದ್ದರೆ ಜೆಸಿಬಿ ಬರುವ ಮುಂಚೆ ನಾಲ್ಕು ಬುಟ್ಟಿ ಗೆಡ್ಡೆ ಎತ್ತಿ ಪಕ್ಕದ ಗೋಕಟ್ಟೆಯಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ಹಾಗೆ ಯಾರೂ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ನಾಲ್ಕನೇ ವರ್ಷ ತೂಬಿನ ಪಕ್ಕ ಒಂದು ಎಲೆ ಕಾಣಿಸಿತು. ಎಲ್ಲೋ ಕಲ್ಲಿನ ಸಂದಿಯಲ್ಲಿ ಉಳಿದಿದ್ದ ಬೀಜವೋ, ಮೇಲಿನ ಕೆರೆಯಿಂದ ಹರಿದು ಬಂದಿದ್ದೋ. ಈಗ ಅಲ್ಲಿ ಒಂದು ಚಾವಡಿಯಷ್ಟು ಜಾಗ ಹಬ್ಬಿದೆ.

ನಿಮ್ಮ ಟಬ್ಬಿನಿಂದ ಒಂದು ಗೆಡ್ಡೆ ಕೊಡ್ತೀರಾ?

ಕೊಡುತ್ತೇನೆ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಟಬ್ ಖಾಲಿ ಮಾಡಿ ಮತ್ತೆ ನೆಡುತ್ತೇನೆ, ಆಗ ಬನ್ನಿ. ಕೊರಿಯರ್ ಮಾಡಲ್ಲ. ಬರುವಾಗ ಒಂದು ಹಳೇ ಬಕೆಟ್ ತನ್ನಿ, ಕೆಸರಾದರೂ ಪರವಾಗಿಲ್ಲ ಅನ್ನುವ ಬಟ್ಟೆ ಹಾಕಿಕೊಂಡು ಬನ್ನಿ. ಟಬ್ ಎತ್ತಲು ಇನ್ನೊಂದು ಜೊತೆ ಕೈ ಬೇಕು.